‘ನಂಗೆ ಬರಲ್ಲ’ ಅನ್ನೋ ಮಗಳು, ‘ಆಗುತ್ತೆ ಬಿಡು’ ಅನ್ನೋ ಮಗ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 13 ವರ್ಷ, ಮಗನಿಗೆ 11. ಮಗಳು ಪುಸ್ತಕ ತೆಗೆಯುವ ಮೊದಲೇ ‘ನಂಗೆ ಬರಲ್ಲಮ್ಮ’ ಅಂತಾಳೆ. ಒಂದು ಟೆಸ್ಟಿನಲ್ಲಿ ಅಂಕ ಕಡಿಮೆ ಬಂದರೆ ನಾಲ್ಕೈದು ದಿನ ಮಂಕಾಗಿರುತ್ತಾಳೆ. ಮಗ ಇದಕ್ಕೆ ತದ್ವಿರುದ್ಧ. ‘ಎಲ್ಲಾ ಆಗುತ್ತೆ ಬಿಡಮ್ಮ’ ಅಂತ ಆಟಕ್ಕೆ ಓಡುತ್ತಾನೆ, ಓದು ಅಷ್ಟಕ್ಕಷ್ಟೇ. ಮಗಳಿಗೆ ‘ಪಾಸಿಟಿವ್ ಆಗಿ ಯೋಚನೆ ಮಾಡು’ ಅಂತ ಹೇಳಿ ಹೇಳಿ ನನಗೇ ಸಾಕಾಗಿದೆ. ನಮ್ಮ ಮನೆಯವರು ‘ಅದು ಹುಟ್ಟುಗುಣ, ಬದಲಾಗಲ್ಲ’ ಅಂತಾರೆ. ಆಶಾವಾದ, ನಿರಾಶಾವಾದ ಅನ್ನೋದು ಮಕ್ಕಳ ಕಲಿಕೆಯನ್ನೂ ಗುಣವನ್ನೂ ನಿಜವಾಗಿ ಬದಲಿಸುತ್ತಾ? ನಾನೇನು ಮಾಡಲಿ?

ಉತ್ತರ: ಮೊದಲಿಗೆ, ‘ಪಾಸಿಟಿವ್ ಆಗಿ ಯೋಚನೆ ಮಾಡು’ ಅನ್ನುವುದನ್ನು ಇವತ್ತಿಗೇ ನಿಲ್ಲಿಸಿಬಿಡಿ. ನೀವು ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಮಗಳ ಕಿವಿಗೆ ಅದು ಬೇರೆ ಥರ ಬೀಳುತ್ತದೆ. ‘ನಿನಗೆ ಲೆಕ್ಕವೂ ಬರಲ್ಲ, ಸರಿಯಾಗಿ ಯೋಚನೆ ಮಾಡೋಕೂ ಬರಲ್ಲ’ ಅಂತ. ಮೊದಲು ಒಂದೇ ಕಷ್ಟವಿತ್ತು, ಈಗ ಎರಡಾಯಿತು.

ಇನ್ನು ನಿಮ್ಮ ಪ್ರಶ್ನೆ. ಹೌದು, ಬದಲಿಸುತ್ತದೆ. ಆದರೆ ನಾವು ಸಾಮಾನ್ಯವಾಗಿ ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಆಶಾವಾದ ಅಂದರೆ ಸದಾ ನಗುನಗುತ್ತಾ ಇರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಕಲಿಕೆಯ ವಿಷಯದಲ್ಲಿ ಆ ನಗುವಿಗೆ ಅಷ್ಟೇನೂ ಬೆಲೆ ಇಲ್ಲ. ಏನಾದರೂ ಕೈಕೊಟ್ಟಾಗ ‘ಯಾಕೆ ಹೀಗಾಯ್ತು?’ ಅಂತ ಮಗು ತನ್ನನ್ನೇ ಕೇಳಿಕೊಳ್ಳುತ್ತದಲ್ಲ, ಅದಕ್ಕೆ ಅದು ತಾನೇ ಕೊಟ್ಟುಕೊಳ್ಳುವ ಉತ್ತರ ಇದೆಯಲ್ಲ, ಎಲ್ಲವೂ ಇರುವುದು ಅಲ್ಲಿ.

1978ರಲ್ಲಿ ಲಿನ್ ಅಬ್ರಾಮ್‌ಸನ್, ಮಾರ್ಟಿನ್ ಸೆಲಿಗ್‌ಮನ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಈ ಉತ್ತರವನ್ನು ಬಿಡಿಸಿ ನೋಡುವ ದಾರಿ ತೋರಿಸಿದರು. ಸೋತವರು ಕೊಡುವ ಕಾರಣದಲ್ಲಿ ಮೂರು ಸಂಗತಿ ಗಮನಿಸಿ ಅಂದರು. ತಪ್ಪು ನನ್ನದೋ, ಹೊರಗಿನದೋ? ಈ ಕಾರಣ ಯಾವಾಗಲೂ ಹೀಗೇ ಇರುತ್ತದೋ, ಈ ಸಲ ಮಾತ್ರವೋ? ಇದು ನನ್ನ ಬದುಕನ್ನೆಲ್ಲ ಆವರಿಸಿದೆಯೋ, ಈ ಒಂದು ಕಡೆ ಮಾತ್ರವೋ? ‘ನಾನು ದಡ್ಡಿ’ ಎಂಬ ಮಾತನ್ನು ಈ ಮೂರರ ಎದುರು ಇಟ್ಟು ನೋಡಿ. ತಪ್ಪು ನನ್ನದೇ, ಎಂದೆಂದಿಗೂ, ಎಲ್ಲದರಲ್ಲೂ. ಮೂರು ಬಾಗಿಲೂ ಮುಚ್ಚಿದವು. ‘ಈ ಪಾಠವನ್ನು ನಾನು ಸರಿಯಾಗಿ ಓದಿರಲಿಲ್ಲ’ ಅಂದರೂ ತಪ್ಪು ನನ್ನದೇ. ಆದರೆ ಅದು ಈ ಸಲದ್ದು, ಈ ಪಾಠದ್ದು. ನಾಳೆ ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸ ಉಳಿಯಿತು.

ಆದ್ದರಿಂದ ನಾನು ಮಕ್ಕಳ ಮುಖ ನೋಡುವುದಕ್ಕಿಂತ ಜಾಸ್ತಿ ಅವರ ವಾಕ್ಯ ಕೇಳಿಸಿಕೊಳ್ಳುತ್ತೇನೆ. ‘ಯಾವಾಗಲೂ’, ‘ಎಲ್ಲಾ’, ‘ಏನೂ’, ‘ಎಂದೂ’ ಅನ್ನುವ ಪದಗಳು ಎಷ್ಟು ಸಲ ಬರುತ್ತವೆ ಅಂತ.

ಒಂದು ದಿನದ ಸಂಗತಿ ಹೇಳುತ್ತೇನೆ. ನಿಮ್ಮ ಮಗಳ ವಯಸ್ಸಿನದೇ ಹುಡುಗಿ. ಅಮ್ಮ ಕರೆದುಕೊಂಡು ಬಂದಿದ್ದರು. ಬಂದವಳೇ ‘ಮೇಡಂ, ನಂಗೆ ಮ್ಯಾಥ್ಸ್ ಬರಲ್ಲ’ ಅಂದಳು. ಸರಿ, ಬರದೇ ಇರುವುದು ಹೇಗಿರುತ್ತೆ ತೋರಿಸು ಅಂದೆ. ಬ್ಯಾಗಿನಿಂದ ಟೆಸ್ಟ್ ಪೇಪರ್ ತೆಗೆದಳು. ನಾಲ್ಕಾಗಿ ಮಡಚಿ, ಪುಸ್ತಕದ ಕೊನೆ ಪುಟದಲ್ಲಿ ತುರುಕಿಟ್ಟಿದ್ದಳು. ಹತ್ತು ಲೆಕ್ಕಗಳಲ್ಲಿ ಏಳು ಸರಿ ಇದ್ದವು. ಅವಳ ಬೆರಳು ಮಾತ್ರ ನೇರ ಹೋಗಿ ಕೆಂಪು ಗೆರೆ ಬಿದ್ದ ಮೂರರ ಮೇಲೆ ನಿಂತಿತು. ‘ನೋಡಿ’ ಅಂದಳು.

ಇಬ್ಬರೂ ಸೇರಿ ನೋಡಿದೆವು. ಮೂರೂ ಲೆಕ್ಕದಲ್ಲಿ ಬ್ರಾಕೆಟ್ ಇತ್ತು. ಬ್ರಾಕೆಟ್ಟಿನ ಮುಂದೆ ಮೈನಸ್ ಇತ್ತು. ಅಂಥ ಬ್ರಾಕೆಟ್ ಬಿಡಿಸುವಾಗ ಒಳಗಿರುವ ಚಿಹ್ನೆಗಳೆಲ್ಲ ಬದಲಾಗಬೇಕು. ಅವಳು ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದಳು. ಮೂರರಲ್ಲೂ ಇದೇ ತಪ್ಪು. ನಾನು ಹಾಳೆಯ ಮೇಲೆ 12 − (7 − 3) ಅಂತ ಬರೆದೆ. ‘ಮೊದಲು ಒಳಗಿನದನ್ನು ಮಾಡು.’ ನಾಲ್ಕು ಅಂದಳು, ಹನ್ನೆರಡರಲ್ಲಿ ನಾಲ್ಕು ಹೋದರೆ ಎಂಟು ಅಂದಳು. ‘ಈಗ ನಿನ್ನ ರೀತಿಯಲ್ಲಿ ಬ್ರಾಕೆಟ್ ಬಿಡಿಸಿ ಮಾಡು.’ 12 − 7 − 3 ಅಂತ ಬರೆದಳು. ಎರಡು ಬಂತು. ಎಂಟನ್ನೂ ಎರಡನ್ನೂ ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಆಮೇಲೆ ನಾನು ಏನೂ ಹೇಳದೆ ಅವಳೇ ಎರಡನೇ ಮೈನಸ್ಸನ್ನು ಪ್ಲಸ್ ಮಾಡಿದಳು. ಎಂಟು ಬಂತು.

‘ಈಗ ಹೇಳು, ನಿಂಗೆ ಏನು ಬರಲ್ಲ?’ ಅಂತ ಕೇಳಿದೆ. ‘ಬ್ರಾಕೆಟ್ ಮುಂದೆ ಮೈನಸ್ ಇದ್ರೆ ಎರಡನೇ ಚಿಹ್ನೆ ಬದಲಿಸೋಕೆ ಮರೀತೀನಿ’ ಅಂದಳು.

ಗಮನಿಸಿ, ನಾನು ಅವಳನ್ನು ಹೊಗಳಲಿಲ್ಲ. ‘ನೀನು ಜಾಣೆ, ನಿನ್ನ ಕೈಲಿ ಎಲ್ಲಾ ಆಗುತ್ತೆ’ ಅನ್ನಲಿಲ್ಲ. ‘ಮ್ಯಾಥ್ಸ್ ಬರಲ್ಲ’ ಅನ್ನುವ ಬೆಟ್ಟದಂಥ ಮಾತು ಒಂದು ಚಿಹ್ನೆಯಷ್ಟು ಸಣ್ಣದಾಯಿತು, ಅಷ್ಟೇ. ತಪ್ಪು ಇದ್ದದ್ದು ಇದೆ. ಅವಳದ್ದೇ ತಪ್ಪು. ಆದರೆ ಅದನ್ನು ಈಗ ಬೆರಳಿಟ್ಟು ತೋರಿಸಬಹುದು. ಆಶಾವಾದವನ್ನು ಕಲಿಸುವುದು ಅಂದರೆ ನನ್ನ ಮಟ್ಟಿಗೆ ಮುಕ್ಕಾಲು ಭಾಗ ಇದೇ. ಮಗುವಿನ ದೊಡ್ಡ ವಾಕ್ಯವನ್ನು ನಿಜವಿರುವಷ್ಟಕ್ಕೆ ಇಳಿಸುವುದು.

ಯಾಕೆ ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಹಳೆಯ ಕತೆ ಇದೆ. ಓದಲು ಅಷ್ಟು ಹಿತವಾದ ಕತೆಯಲ್ಲ. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನ ನಾಯಿಗಳಿಗೆ ಕರೆಂಟ್ ಶಾಕ್ ಕೊಡುತ್ತಿದ್ದರು, ಆದರೆ ಅವು ತಲೆಯಿಂದ ಒಂದು ಹಲಗೆಯನ್ನು ಒತ್ತಿದರೆ ಅದು ನಿಲ್ಲುತ್ತಿತ್ತು. ಇನ್ನೊಂದು ಗುಂಪಿಗೂ ಅಷ್ಟೇ ಶಾಕ್. ಆದರೆ ಅವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲ ನಾಯಿಗಳನ್ನೂ ಒಂದು ಪೆಟ್ಟಿಗೆಯೊಳಗೆ ಬಿಟ್ಟರು. ನಡುವೆ ಒಂದು ತಡೆ, ದಾಟಿದರೆ ಶಾಕ್ ಇಲ್ಲ. ಮೊದಲ ಗುಂಪಿನವು ದಾಟಿದವು. ಎರಡನೇ ಗುಂಪಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಾಯಿಗಳು ಅಲ್ಲೇ ಕುಸಿದು ಕೂತವು. ದಾಟುವ ಪ್ರಯತ್ನವನ್ನೇ ಮಾಡಲಿಲ್ಲ. ಪ್ರಾಣಿಗಳಿಗೆ ಹೀಗೆಲ್ಲ ಹಿಂಸೆ ಕೊಡಬಾರದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ತರಗತಿಯ ಕೊನೇ ಬೆಂಚಿನಲ್ಲಿ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ ಮಗುವನ್ನು ನೋಡಿದಾಗ ಈ ಪ್ರಯೋಗ ನೆನಪಾಗದೆ ಇರುವುದಿಲ್ಲ.

ಆ ಸ್ಥಿತಿಗೆ ‘ಕಲಿತ ಅಸಹಾಯಕತೆ’ ಅಂತ ಹೆಸರಿಟ್ಟರು. ಏನು ಮಾಡಿದರೂ ಅಷ್ಟೇ ಅಂತ ಜೀವಿ ಕಲಿತುಬಿಡುತ್ತದೆ ಅನ್ನುವುದು ಅವರ ವಾದ. ಸುಮಾರು 50 ವರ್ಷ ಇದನ್ನೇ ಎಲ್ಲರೂ ಪಾಠ ಮಾಡಿದೆವು. 2016ರಲ್ಲಿ ಅದೇ ಇಬ್ಬರು ಮತ್ತೆ ಬಂದು, ನಾವು ಹೇಳಿದ್ದು ತಿರುಗುಮುರುಗಾಗಿತ್ತು ಅಂತ ಬರೆದರು. ಮೇಯರ್ ಅಷ್ಟರಲ್ಲಿ ಮೆದುಳಿನ ಅಧ್ಯಯನದಲ್ಲಿ ಬಹಳ ದೂರ ಹೋಗಿದ್ದರು. ಅವರು ಕಂಡುಕೊಂಡದ್ದು ಇಷ್ಟು: ಕಷ್ಟ ತುಂಬಾ ಹೊತ್ತು ಎಳೆದಾಗ ಕೈಚೆಲ್ಲಿ ಕೂರುವುದು ಕಲಿತದ್ದಲ್ಲ, ಅದು ಮೆದುಳಿನ ಮೂಲ ಸ್ವಭಾವ. ಮೆದುಳಿನ ಕಾಂಡದಲ್ಲಿರುವ ಡಾರ್ಸಲ್ ರಾಫೆ ಎಂಬ ಪುಟ್ಟ ಭಾಗ ಅದನ್ನು ಮಾಡಿಸುತ್ತದೆ. ‘ಇದು ನನ್ನ ಹಿಡಿತದಲ್ಲಿದೆ’ ಅನ್ನುವ ಅನುಭವವಾದಾಗ ಹಣೆಯ ಹಿಂದಿನ ಮುಂಮೆದುಳು ಆ ಭಾಗವನ್ನು ತಣ್ಣಗಾಗಿಸುತ್ತದೆ. ಅಂದರೆ ಅಸಹಾಯಕತೆಯನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ಹಿಡಿತವನ್ನು.

ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ. ಎಷ್ಟೋ ಮಕ್ಕಳನ್ನು ನಾವು ‘ಅವಳಿಗೆ ಏನೋ ಕೆಟ್ಟ ಅಭ್ಯಾಸ ಅಂಟಿಕೊಂಡಿದೆ, ಬಿಡಿಸಬೇಕು’ ಅನ್ನುವ ಹಾಗೆ ನೋಡಿದ್ದೆವು. ಬಿಡಿಸಬೇಕಾದದ್ದು ಏನೂ ಇರಲಿಲ್ಲ. ಕೊಡಬೇಕಾದದ್ದು ಒಂದು ಬಾಕಿ ಇತ್ತು.

ಹೇಗೆ ಕೊಡುವುದು? ಅದೇ ನಾಯಿಗಳ ವಿಷಯದಲ್ಲೇ ಒಂದು ಸುಳಿವಿದೆ. ಕುಸಿದು ಕೂತ ನಾಯಿಗಳನ್ನು ಹಗ್ಗ ಕಟ್ಟಿ ಎಳೆದು ಆಚೆ ದಾಟಿಸಬೇಕಾಯಿತು. ಅದೂ ಒಂದೆರಡು ಸಲ ಅಲ್ಲ, ಮತ್ತೆ ಮತ್ತೆ. ತನ್ನ ಕಾಲಿನಿಂದಲೇ ದಾಟಿದ ಅನುಭವ ಸಾಕಷ್ಟು ಸಲ ಆದ ಮೇಲೆ ನಾಯಿ ತಾನೇ ಹಾರತೊಡಗಿತು. ಮಕ್ಕಳನ್ನು ಎಳೆಯಿರಿ ಅನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. ಮಾತಿನ ಧೈರ್ಯಕ್ಕಿಂತ ಕೈಯ ಅನುಭವ ದೊಡ್ಡದು ಅನ್ನುತ್ತಿದ್ದೇನೆ. ಆ ಹುಡುಗಿಯ ಧೈರ್ಯ ಬಂದದ್ದು ನನ್ನ ಮಾತಿನಿಂದಲ್ಲ, ಅವಳೇ ಬರೆದ ಆ ಎಂಟರಿಂದ.

ಇಲ್ಲಿ ಅನೇಕ ಅಪ್ಪ ಅಮ್ಮಂದಿರು ಒಂದು ಕಡೆ ಎಡವುತ್ತಾರೆ. ಮಗುವಿಗೆ ಧೈರ್ಯ ಬರಲಿ ಅಂತ ಸುಲಭದ್ದನ್ನೇ ಕೊಡುತ್ತಾ ಹೋಗುತ್ತಾರೆ. 1975ರಲ್ಲಿ ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಇದನ್ನು ನೇರವಾಗಿ ಪರೀಕ್ಷಿಸಿದರು. ಸೋತರೆ ಸಾಕು ಕೈಚೆಲ್ಲುತ್ತಿದ್ದ 12 ಮಕ್ಕಳನ್ನು ಆರಿಸಿದರು. ಅರ್ಧ ಮಕ್ಕಳಿಗೆ ಗೆಲುವೇ ಗೆಲುವು, ಎಲ್ಲಾ ಲೆಕ್ಕ ಸಲೀಸು. ಇನ್ನರ್ಧ ಮಕ್ಕಳಿಗೆ ನಡುನಡುವೆ ಸೋಲು ಬರುತ್ತಿತ್ತು. ಆಗ ‘ಇಲ್ಲಿ ಇನ್ನೂ ಸ್ವಲ್ಪ ಪ್ರಯತ್ನ ಬೇಕಿತ್ತು’ ಅಂತ ಕಾರಣವನ್ನು ತೋರಿಸಿಕೊಡುತ್ತಿದ್ದರು. ಕೊನೆಯಲ್ಲಿ ಎಲ್ಲರಿಗೂ ಕಷ್ಟದ ಲೆಕ್ಕ ಕೊಟ್ಟಾಗ ಗೆಲುವನ್ನೇ ಉಂಡ ಮಕ್ಕಳು ಮೊದಲಿನ ಹಾಗೇ ಕುಸಿದರು. ಎರಡನೇ ಗುಂಪು ನಿಂತಿತು. ತುಂಬಾ ಸಣ್ಣ ಅಧ್ಯಯನ ಇದು, 12 ಮಕ್ಕಳೇ. ಆದರೆ ನಾನು ಕಂಡ ಮಕ್ಕಳಲ್ಲೂ ಹೀಗೇ. ಸೋಲನ್ನು ಮುಟ್ಟದೆ ಸೋಲಿನ ಭಯ ಹೋಗುವುದಿಲ್ಲ. ಆದ್ದರಿಂದ ಮಗಳಿಗೆ ಕೊಡುವ ಕೆಲಸ ಸಂಪೂರ್ಣ ಸುಲಭವಾಗಿರದಿರಲಿ. ಐದರಲ್ಲಿ ಒಂದು ಎಡವುವಂತಿರಲಿ. ಎಡವಿದಾಗ ನೀವು ಪಕ್ಕದಲ್ಲಿರಿ.

ಪ್ರಯತ್ನದ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಎರಡು ಗಂಟೆ ಕೂತು ಓದಿ ಬಂದ ಮಗುವಿಗೆ ‘ನಿನ್ನ ಪ್ರಯತ್ನ ಸಾಲದು’ ಅಂದರೆ ಅದು ಬೈಗುಳವೇ. ಪ್ರಯತ್ನ ಮಾಡಿದ್ದಾಗಿದೆ, ದಾರಿ ತಪ್ಪಿದೆ. ಆಗ ಕೇಳಬೇಕಾದದ್ದು ‘ಹೇಗೆ ಓದಿದೆ, ತೋರಿಸು’ ಅಂತ.

ಇನ್ನು ಗುಣದ ವಿಚಾರ. ನೀವು ಕಲಿಕೆಯ ಜೊತೆ ಗುಣವನ್ನೂ ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಎರಡೂ ಬೇರೆ ಬೇರೆ ಅಲ್ಲ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಪ್ರಶ್ನೆಗಳನ್ನು ಕೊಟ್ಟರು. ಮೊದಲ ಸುತ್ತಿನಲ್ಲಿ ಚೆನ್ನಾಗಿ ಮಾಡಿದ್ದಕ್ಕೆ ಕೆಲವರನ್ನು ‘ನೀನು ಬುದ್ಧಿವಂತ’ ಅಂತ ಹೊಗಳಿದರು, ಕೆಲವರನ್ನು ‘ಚೆನ್ನಾಗಿ ಪ್ರಯತ್ನ ಪಟ್ಟಿದ್ದೀಯ’ ಅಂತ. ಎರಡನೇ ಸುತ್ತು ಬೇಕೆಂದೇ ಕಷ್ಟದ್ದು, ಎಲ್ಲರೂ ಸೋತರು. ‘ಬುದ್ಧಿವಂತ’ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು, ಆಮೇಲಿನ ಸುಲಭದ ಸುತ್ತಿನಲ್ಲೂ ಹಿಂದೆ ಬಿದ್ದರು. ನನ್ನನ್ನು ತಟ್ಟಿದ್ದು ಅದಲ್ಲ. ಬೇರೆ ಶಾಲೆಯ, ಮುಖ ನೋಡದ ಒಬ್ಬ ಮಗುವಿಗೆ ಈ ಆಟದ ಬಗ್ಗೆ ಬರೆದು, ತಮ್ಮ ಅಂಕವನ್ನೂ ಹಾಕಿ ಅಂದಾಗ, ‘ಬುದ್ಧಿವಂತ’ ಗುಂಪಿನ ಸುಮಾರು 38 ಶೇಕಡಾ ಮಕ್ಕಳು ಸುಳ್ಳು ಅಂಕ ಬರೆದರು. ಪ್ರಯತ್ನ ಅಂತ ಹೊಗಳಿಸಿಕೊಂಡವರಲ್ಲಿ 13 ಶೇಕಡಾ.

ಆ ಮಕ್ಕಳು ಕೆಟ್ಟವರಲ್ಲ. ಅಂಕ ಅಂದರೆ ನಾನೇ ಅಂತ ನಂಬಿದ ಮೇಲೆ ಕಡಿಮೆ ಅಂಕವನ್ನು ಒಪ್ಪಿಕೊಳ್ಳುವುದು ಹೇಗೆ? ಮಡಚಿ ಕೊನೇ ಪುಟದಲ್ಲಿ ತುರುಕುತ್ತಾರೆ. ಸುಳ್ಳು ಹೇಳುತ್ತಾರೆ. ಗೊತ್ತಿಲ್ಲದ್ದನ್ನು ಟೀಚರ್ ಹತ್ತಿರ ಕೇಳುವುದಿಲ್ಲ, ಕೇಳಿದರೆ ದಡ್ಡತನ ಬಯಲಾಗುತ್ತದಲ್ಲ. ಗೆಳತಿಗೆ ಜಾಸ್ತಿ ಅಂಕ ಬಂದರೆ ಒಳಗೊಳಗೇ ಕುದಿಯುತ್ತಾರೆ. ಪ್ರಾಮಾಣಿಕತೆ, ಕೇಳುವ ಧೈರ್ಯ, ಬೇರೆಯವರ ಗೆಲುವಿಗೆ ಖುಷಿ ಪಡುವ ಮನಸ್ಸು, ಇವನ್ನೆಲ್ಲ ನಾವು ನೀತಿಪಾಠದಲ್ಲಿ ಕಲಿಸಲು ಹೋಗುತ್ತೇವೆ. ಮಗು ಅವನ್ನು ಕಲಿಯುವುದು, ಅಥವಾ ಕಳೆದುಕೊಳ್ಳುವುದು, ಸೋತ ಪೇಪರ್ ಮನೆಗೆ ತಂದ ಆ ಐದು ನಿಮಿಷದಲ್ಲಿ.

ನಾವು ಬೈಯುವ ರೀತಿಯೂ ಇದೇ ಕೆಲಸ ಮಾಡುತ್ತದೆ. 1978ರಲ್ಲಿ ಡ್ವೆಕ್ ಮತ್ತು ಅವರ ಜೊತೆಗಾರರು ತರಗತಿಗಳಲ್ಲಿ ಕೂತು ಟೀಚರುಗಳ ಮಾತನ್ನು ದಾಖಲಿಸಿದರು. ಹುಡುಗರಿಗೆ ಬೀಳುತ್ತಿದ್ದ ಬೈಗುಳದಲ್ಲಿ ಬಹುಪಾಲು ಗಲಾಟೆಗೆ, ಗಲೀಜು ಅಕ್ಷರಕ್ಕೆ, ಗಮನ ಕೊಡದ್ದಕ್ಕೆ. ಹುಡುಗಿಯರು ಬೈಸಿಕೊಂಡದ್ದೇ ಕಡಿಮೆ, ಆದರೆ ಬೈಸಿಕೊಂಡಾಗ ಹೆಚ್ಚಾಗಿ ಉತ್ತರ ತಪ್ಪಾದದ್ದಕ್ಕೆ. ಹುಡುಗ ‘ನಾನು ಗಮನ ಕೊಡಲಿಲ್ಲ, ಅದಕ್ಕೆ’ ಅಂದುಕೊಂಡು ಹೋದ. ಹುಡುಗಿ ‘ನನಗೆ ತಲೆ ಇಲ್ಲ, ಅದಕ್ಕೆ’ ಅಂದುಕೊಂಡಳು. ನಿಮ್ಮ ಮನೆಯಲ್ಲಿ ಇಬ್ಬರಿಗೂ ಬೀಳುವ ಬೈಗುಳ ಒಂದೇ ಥರದ್ದಾ ಅಂತ ಒಂದು ವಾರ ಗಮನಿಸಿ ನೋಡಿ. ಯಾರನ್ನೂ ದೂರಲು ಅಲ್ಲ. ನಮಗೇ ಗೊತ್ತಾಗದೆ ನಾಲಿಗೆ ಹಾಗೆ ಹೊರಳುತ್ತದೆ.

ನಿಮ್ಮ ಮನೆಯವರ ಮಾತಿಗೆ ಬರೋಣ. ಹುಟ್ಟುಗುಣ ಅನ್ನುವುದು ಪೂರ್ತಿ ಸುಳ್ಳಲ್ಲ. ಅವಳಿ ಮಕ್ಕಳ ಅಧ್ಯಯನಗಳಲ್ಲಿ, ಆಶಾವಾದದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗ ವಂಶವಾಹಿಗಳಿಂದ ಬರುತ್ತದೆ ಅಂತ ಲೆಕ್ಕ ಸಿಕ್ಕಿದೆ. ಮುಕ್ಕಾಲು ಭಾಗಕ್ಕೆ ಬೇರೆ ಕಾರಣಗಳಿವೆ. ವಯಸ್ಸಿನ ವಿಷಯದಲ್ಲೂ ಒಂದು ಮುಖ್ಯ ಸಂಗತಿ ಇದೆ. ಸೂಸನ್ ನೋಲನ್-ಹೊಕ್ಸೆಮಾ ಮತ್ತು ಜೊತೆಗಾರರು ಶಾಲೆಯ ಮಕ್ಕಳನ್ನು ಐದು ವರ್ಷ ಹಿಂಬಾಲಿಸಿ 1992ರಲ್ಲಿ ವರದಿ ಮಾಡಿದರು. ಚಿಕ್ಕ ಮಕ್ಕಳು ಮಂಕಾಗುತ್ತಿದ್ದದ್ದು ಏನಾದರೂ ಕೆಟ್ಟದ್ದು ನಡೆದಾಗ. ದೊಡ್ಡವರಾಗುತ್ತಾ ಹೋದಂತೆ, ನಡೆದದ್ದನ್ನು ಅವರು ಹೇಗೆ ವಿವರಿಸಿಕೊಳ್ಳುತ್ತಾರೆ ಅನ್ನುವುದೂ ಭಾರ ಹಾಕತೊಡಗಿತು. ಅಂದರೆ ಈ ರೂಢಿ ಗಟ್ಟಿಯಾಗುವುದು ಹೆಚ್ಚುಕಡಿಮೆ ನಿಮ್ಮ ಮಕ್ಕಳ ವಯಸ್ಸಿನಲ್ಲೇ. ಈಗ ನೀವು ಕೇಳಿದ್ದು ಒಳ್ಳೆಯದಾಯಿತು.

ಹಾಗಂತ ಮಗಳನ್ನು ಮಗನ ಹಾಗೆ ಮಾಡಲು ಹೋಗಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ‘ಏನಾಗಿಬಿಡುತ್ತೋ’ ಅಂತ ಯೋಚಿಸುವವರೆಲ್ಲ ಸೋಲುವುದಿಲ್ಲ. 1986ರಲ್ಲಿ ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ ಒಂದು ಬಗೆಯ ಜನರನ್ನು ಗುರುತಿಸಿದರು. ಇವರು ಹಿಂದೆ ಚೆನ್ನಾಗೇ ಮಾಡಿದ್ದರೂ ಪ್ರತಿ ಸಲ ಕೆಟ್ಟದ್ದನ್ನೇ ಊಹಿಸುತ್ತಾರೆ. ಎಲ್ಲೆಲ್ಲಿ ಎಡವಬಹುದು ಅಂತ ಒಂದೊಂದನ್ನೂ ಲೆಕ್ಕ ಹಾಕುತ್ತಾರೆ, ಹಾಕಿ ಹಾಕಿ ಅದಕ್ಕೆಲ್ಲ ತಯಾರಾಗುತ್ತಾರೆ. ಪರೀಕ್ಷೆಯಲ್ಲಿ ಆಶಾವಾದಿಗಳಿಗಿಂತ ಏನೂ ಕಡಿಮೆ ಇರುವುದಿಲ್ಲ. ಆದರೆ ಇಂಥವರಿಗೆ ‘ನೀನು ಚೆನ್ನಾಗೇ ಮಾಡ್ತೀಯ ಬಿಡು’ ಅಂತ ಧೈರ್ಯ ಹೇಳಿದಾಗ ಅವರ ಕೆಲಸ ಕೆಟ್ಟಿತು! 1996ರಲ್ಲಿ ಡಾರ್ಟ್ ಎಸೆಯುವ ಆಟದಲ್ಲೂ ಇದೇ ಕಂಡಿತು. ಏನೇನು ತಪ್ಪಬಹುದು, ಹೇಗೆ ಸರಿಪಡಿಸಿಕೊಳ್ಳುತ್ತೇನೆ ಅಂತ ಮೊದಲೇ ಕಲ್ಪಿಸಿಕೊಂಡಾಗ ಇವರ ಗುರಿ ಚೆನ್ನಾಗಿತ್ತು. ಆಶಾವಾದಿಗಳಿಗೆ ಸುಮ್ನೆ ಹಾಯಾಗಿ ಕೂತಾಗ ಗುರಿ ಚೆನ್ನಾಗಿತ್ತು.

ನಿಮ್ಮ ಮಗಳ ಕಳವಳದಲ್ಲಿ ಇಂಥ ಒಂದು ಶಕ್ತಿ ಇರಬಹುದು. ಅದನ್ನು ಹೊಸಕಿ ಹಾಕಬೇಡಿ, ಮುಂದಕ್ಕೆ ನಡೆಸಿ. ‘ನಂಗೆ ಬರಲ್ಲ’ ಅಂದಾಗ ‘ಬರುತ್ತೆ ಬರುತ್ತೆ’ ಅನ್ನಬೇಡಿ. ‘ಎಲ್ಲಿ ಕೈಕೊಡಬಹುದು ಅನ್ಸುತ್ತೆ? ಬರಿ’ ಅನ್ನಿ. ಅವಳು ಬರೆದ ಒಂದೊಂದು ಭಯದ ಎದುರಿಗೆ ‘ಹಾಗಾದ್ರೆ ಏನು ಮಾಡ್ತೀಯ?’ ಅಂತ ಕೇಳಿ, ಅದನ್ನೂ ಬರೆಸಿ. ‘ಸಮಯ ಸಾಲದೆ ಹೋದರೆ?’ ‘ಬರೋ ಲೆಕ್ಕ ಮೊದಲು ಮಾಡ್ತೀನಿ.’ ‘ಮರೆತುಹೋದರೆ?’ ‘ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ ಕೊನೆಗೆ ಬರ್ತೀನಿ.’ ಚಿಂತೆಗೂ ತಯಾರಿಗೂ ಇರುವ ಅಂತರ ಆ ಎರಡನೇ ಸಾಲು ಮಾತ್ರ.

ಮಗನ ಕತೆ ಬೇರೆ. ಅವನಿಗೆ ಮೊದಲ ಸಾಲೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಜರ್ಮನಿಯಲ್ಲಿ ಹುಟ್ಟಿದ ಮನೋವಿಜ್ಞಾನಿ ಗೇಬ್ರಿಯೇಲೆ ಓಟಿಂಗೆನ್ 1991ರಿಂದ ಈಚೆಗೆ ತೋರಿಸುತ್ತಾ ಬಂದದ್ದು ಇದನ್ನೇ. ಅವರು ಎರಡನ್ನು ಬೇರೆ ಮಾಡುತ್ತಾರೆ. ‘ನಾನು ಹಿಂದೆ ಮಾಡಿದ್ದೇನೆ, ಈಗಲೂ ಆಗುತ್ತೆ’ ಅನ್ನುವ ನಿರೀಕ್ಷೆ ಒಂದು. ಆಗಿಯೇ ಹೋಗಿದೆ ಅನ್ನುವಂತೆ ಕನಸು ಕಾಣುವುದು ಇನ್ನೊಂದು. ನಿರೀಕ್ಷೆ ಇದ್ದವರು ಮುಂದೆ ಹೋದರು. ಕನಸಲ್ಲೇ ಸುಖಪಟ್ಟವರು ಹಿಂದೆ ಬಿದ್ದರು. ಡಿಗ್ರಿ ಮುಗಿಸುವ ಹಂತದಲ್ಲಿದ್ದ ವಿದ್ಯಾರ್ಥಿಗಳನ್ನು ನೋಡಿದಾಗ, ಒಳ್ಳೇ ಕೆಲಸದ ಕನಸನ್ನು ಜಾಸ್ತಿ ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳಕ್ಕೆ ಸೇರಿದ್ದರು. ಗೆದ್ದ ಸಂತೋಷ ಮೊದಲೇ ಸಿಕ್ಕಿಬಿಟ್ಟರೆ ಬೆವರು ಸುರಿಸಲು ಮನಸ್ಸು ಯಾಕೆ ಒಪ್ಪುತ್ತದೆ, ಅಲ್ವಾ?

ಓಟಿಂಗೆನ್ ಕೊಟ್ಟ ಮದ್ದು ಸರಳ. ಏನು ಬೇಕು ಅಂತ ಹೇಳು. ತಕ್ಷಣ, ನಿನ್ನೊಳಗೇ ಇರುವ ಯಾವುದು ಅದಕ್ಕೆ ಅಡ್ಡ ಬರುತ್ತದೆ ಅಂತ ಹೇಳು. ಆಮೇಲೆ, ಆ ಅಡ್ಡಿ ಬಂದಾಗ ಏನು ಮಾಡುತ್ತೀಯ ಅಂತ ಹೇಳು. ಮಗನ ಹತ್ತಿರ ಆಸೆ ಇದೆ, ಅಡ್ಡಿಯ ಅರಿವಿಲ್ಲ. ಮಗಳ ಹತ್ತಿರ ಅಡ್ಡಿಯೇ ತುಂಬಿದೆ, ಆಸೆಯನ್ನು ಬಾಯಿಬಿಟ್ಟು ಹೇಳಲೂ ಹೆದರಿಕೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇದನ್ನು ಮಾಡಿಸಬಹುದು. ಅವಳು ಇವನಿಗೆ ಅಡ್ಡಿ ಹುಡುಕಿ ಕೊಡಲಿ, ಇವನು ಅವಳಿಗೆ ಆಸೆ ಹುಡುಕಿ ಕೊಡಲಿ. ಮಾಡಿಸಿ ನೋಡಿದ್ದೇನೆ, ಅಕ್ಕ ತಮ್ಮಂದಿರ ನಡುವೆ ಇದು ಒಳ್ಳೆಯ ಆಟವಾಗುತ್ತದೆ.

ಮಗ ಪುಸ್ತಕದ ಮೇಲೆ ಕಣ್ಣಾಡಿಸಿ ‘ಎಲ್ಲಾ ಬರುತ್ತೆ’ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅದು ಸೋಮಾರಿತನವಲ್ಲ. ಈಗ ನೆನಪಿರುವುದು ಮುಂದೆಯೂ ನೆನಪಿರುತ್ತದೆ ಅಂತ ನಮಗೆಲ್ಲ ಅನಿಸುತ್ತದೆ. ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 2009ರಲ್ಲಿ ಇದರ ಎರಡು ಮುಖ ತೋರಿಸಿದರು. ಮುಂದೆ ಎಷ್ಟು ಮರೆಯುತ್ತೇವೆ ಅನ್ನುವುದನ್ನೂ ಜನ ಕಡಿಮೆ ಅಂದಾಜು ಮಾಡುತ್ತಾರೆ. ಇನ್ನೂ ಕೆಲವು ಸಲ ಓದಿದರೆ ಎಷ್ಟು ಜಾಸ್ತಿ ಬರುತ್ತದೆ ಅನ್ನುವುದನ್ನೂ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಮುಖ ನಿಮ್ಮ ಮಗನದು, ಇನ್ನೊಂದು ಮಗಳದು! ಇಬ್ಬರಿಗೂ ಮದ್ದು ಒಂದೇ. ಪುಸ್ತಕ ಮುಚ್ಚಿ, ಬರೆದು ನೋಡಿಕೊಳ್ಳುವುದು. ಖಾಲಿ ಹಾಳೆ ಮಗನ ಭ್ರಮೆಯನ್ನು ನಿಮಗಿಂತ ಮೆತ್ತಗೆ ಕಳೆಯುತ್ತದೆ. ಮಗಳಿಗೆ ಬರುವುದು ಎಷ್ಟಿದೆ ಅಂತಲೂ ಅದೇ ತೋರಿಸುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಮನೋಭಾವ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಅನ್ನುವ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಅಷ್ಟು ದೊಡ್ಡದಾಗಿ ನಂಬಬೇಡಿ. ‘ಬುದ್ಧಿ ಬೆಳೆಯುತ್ತದೆ’ ಅನ್ನುವ ಪಾಠವನ್ನು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ಪ್ರಯೋಗಿಸಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು. ಒಂದು ಗಂಟೆಗೂ ಕಡಿಮೆ ಹೊತ್ತಿನ ಆನ್‌ಲೈನ್ ಪಾಠ. ಓದಿನಲ್ಲಿ ಹಿಂದುಳಿದ ಮಕ್ಕಳ ಗ್ರೇಡ್, ನಾಲ್ಕು ಅಂಕಕ್ಕೆ ತುಸು ಮೇಲಿನ ಅಳತೆಯಲ್ಲಿ, ಸುಮಾರು 0.1ರಷ್ಟು ಏರಿತು. ಅಷ್ಟು ಅಗ್ಗದ ಕೆಲಸಕ್ಕೆ ಅದು ಒಳ್ಳೆಯ ಫಲವೇ. ಆದರೆ ಪವಾಡವಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಹೇಳಿ ನಗುತ್ತೇವೆ. ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಮಗಳಿಗೆ ಬೋರ್ಡು ಸರಿಯಾಗಿ ಕಾಣುತ್ತಿದೆಯಾ? ಪಾಠ ಅರ್ಥವಾಗುವಂತೆ ನಡೆಯುತ್ತಿದೆಯಾ? ಯಾರಾದರೂ ಹೀಯಾಳಿಸುತ್ತಿದ್ದಾರಾ? ಅಂಕಿಗಳನ್ನೋ ಅಕ್ಷರಗಳನ್ನೋ ಗುರುತಿಸುವುದರಲ್ಲೇ ತೊಡಕಿದೆಯಾ? ಇವನ್ನು ನೋಡದೆ ‘ನಿನ್ನ ಯೋಚನೆ ಸರಿ ಮಾಡ್ಕೋ’ ಅಂದರೆ ಅನ್ಯಾಯ. ಮಂಕು ಎರಡು ವಾರ ದಾಟಿದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಆಟವೂ ಬೇಡವಾದರೆ, ‘ನಾನು ಇರಲೇಬಾರದಿತ್ತು’ ಅನ್ನುವಂಥ ಮಾತು ಒಂದು ಸಲ ಬಂದರೂ, ತಡ ಮಾಡದೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಅದು ನಿರಾಶಾವಾದವಲ್ಲ, ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ನೀವು ಸೋತ ಕತೆಯನ್ನು ಮಗಳಿಗೆ ಎಂದಾದರೂ ಹೇಳಿದ್ದೀರಾ? ಹೇಳಿ. 1982ರಲ್ಲಿ ಟಿಮೋತಿ ವಿಲ್ಸನ್ ಮತ್ತು ಪೆಟ್ರೀಷಿಯಾ ಲಿನ್‌ವಿಲ್, ಮೊದಲ ವರ್ಷ ಅಂಕ ಕಡಿಮೆಯಾಗಿ ಕಂಗಾಲಾದ ಕಾಲೇಜು ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಮಾತನ್ನು ವಿಡಿಯೋದಲ್ಲಿ ತೋರಿಸಿದರು. ‘ನನಗೂ ಮೊದಲು ಕಡಿಮೆ ಬಂದಿತ್ತು, ಆಮೇಲೆ ಏರಿತು’ ಅನ್ನುವುದಷ್ಟೇ ಅದರಲ್ಲಿದ್ದದ್ದು. ಅದನ್ನು ನೋಡದವರಲ್ಲಿ 25 ಶೇಕಡಾ ಮಂದಿ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಕಾಲೇಜು ಬಿಟ್ಟರು, ನೋಡಿದವರಲ್ಲಿ 5 ಶೇಕಡಾ. ಇದೂ ಸಣ್ಣ ಅಧ್ಯಯನವೇ. ಆದರೆ ಇದಕ್ಕೆ ನಿಮಗೆ ಖರ್ಚಾಗುವುದು ಸ್ವಲ್ಪ ಸಂಕೋಚ ಮಾತ್ರ. ಸೋತದ್ದನ್ನು ಹೇಳಿ, ಆಮೇಲೆ ಏನು ಮಾಡಿದಿರಿ ಅನ್ನುವುದನ್ನೂ ಹೇಳಿ. ಗೆದ್ದದ್ದನ್ನು ದೊಡ್ಡದು ಮಾಡಬೇಡಿ.

ಮುಂದಿನ ಟೆಸ್ಟಿಗೆ ಇದೊಂದು ಮಾಡಿ. ಹಿಂದಿನ ದಿನ ಇಬ್ಬರಿಗೂ ಒಂದೊಂದು ಚೀಟಿ ಕೊಡಿ. ನಾಳೆ ಎಷ್ಟು ಅಂಕ ಬರಬಹುದು ಅಂತ ಅವರೇ ಬರೆದು, ಮಡಚಿ ಡಬ್ಬಿಯಲ್ಲಿ ಹಾಕಲಿ. ನೀವು ತೆರೆದು ನೋಡಬೇಡಿ. ಪೇಪರ್ ಬಂದ ದಿನ ಚೀಟಿ ತೆಗೆದು ಪಕ್ಕದಲ್ಲಿಡಿ. ಅಂಕ ಕಡಿಮೆಯೋ ಜಾಸ್ತಿಯೋ ಅದರ ಮಾತು ಬೇಡ. ಊಹೆ ಎಷ್ಟು ದೂರ ಹೋಯಿತು ಅನ್ನುವುದನ್ನು ಮಾತ್ರ ಅವರೇ ಬರೆದಿಟ್ಟುಕೊಳ್ಳಲಿ. ಬಹುಶಃ ಮಗಳು ಕಡಿಮೆ ಬರೆದಿರುತ್ತಾಳೆ, ಮಗ ಜಾಸ್ತಿ ಬರೆದಿರುತ್ತಾನೆ. ಐದಾರು ಟೆಸ್ಟ್ ಆಗಲಿ. ಇಬ್ಬರ ಚೀಟಿಯೂ ನಿಧಾನಕ್ಕೆ ಪೇಪರಿನ ಹತ್ತಿರ ಬರತೊಡಗಿದರೆ ನನಗೆ ಬರೆಯಿರಿ. ಬಾರದಿದ್ದರೂ ಬರೆಯಿರಿ, ಆಗ ಚೀಟಿಗಳನ್ನು ಮುಂದಿಟ್ಟುಕೊಂಡು ಎಲ್ಲಿ ತಪ್ಪುತ್ತಿದೆ ಅಂತ ಒಟ್ಟಿಗೆ ನೋಡೋಣ.